ಕಿರುಚುವ ಕಾರಿಗೆ ಹೊಸ ಪುಲ್ಲಿ

ನಮ್ಮ ಮನೆಯಲ್ಲಿ ಕಾರಿನ ಹುಚ್ಚು ಇರುವುದು ನನಗೆ. ಯಜಮಾನರಿಗೆ ಕಾರೆಂದರೆ ನಿದ್ದೆ ಮಾಡುವ ಜಾಗ. ಹಿಂದಿನ ಸೀಟಿಗೆ ಒರಗಿದರೆ ಆಲ್ಕೊಳ ಸರ್ಕಲ್ ದಾಟುವ ಮೊದಲೇ ಗೊರಕೆ ಶುರು. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವ ಹೆಂಗಸು ಭಾನುವಾರ ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತಿರುವುದನ್ನು ಕಂಡು, ಬೀದಿಯವರು ಮೊದಮೊದಲು ಪಾಪ, ಕಾರು ಕೆಟ್ಟಿದೆ ಎಂದುಕೊಂಡು ತಳ್ಳಲು ಬರುತ್ತಿದ್ದರು. ನಾನು ಒಂದಿಬ್ಬರನ್ನು ಬೈದ ಮೇಲೆ ಬರುವುದನ್ನು ಬಿಟ್ಟರು.

ನನ್ನ ಹಳೆಯ ಸಣ್ಣ ಕಾರಿಗೆ ಸೂಪರ್‌ಚಾರ್ಜರ್ ಹಾಕಿಸಿದ್ದೆ. ಅದೇನೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: ಊಟಕ್ಕೆ ಕೂತವರು ಸಾಕು ಸಾಕೆಂದರೂ ನಮ್ಮತ್ತೆ ಇನ್ನೊಂದು ಹೋಳಿಗೆ ಬಡಿಸುವುದಿಲ್ಲವೇ, ಹಾಗೆ ಇದು ಎಂಜಿನ್ನಿಗೆ ಒತ್ತಾಯ ಮಾಡಿ ಗಾಳಿ ತುಂಬುತ್ತದೆ. ಎಂಜಿನ್ ತಿರುಗಿದಾಗ ಒಂದು ಬೆಲ್ಟು ಇದರ ಪುಲ್ಲಿಯನ್ನೂ, ಅಂದರೆ ಬೆಲ್ಟು ಸುತ್ತಿಕೊಳ್ಳುವ ಪುಟ್ಟ ಗಾಲಿಯನ್ನೂ ತಿರುಗಿಸುತ್ತದೆ. ಪುಲ್ಲಿ ಚಿಕ್ಕದಾದಷ್ಟೂ ವೇಗ ಹೆಚ್ಚು, ಗಾಳಿಯೂ ಹೆಚ್ಚು. ಆಸೆಗೆ ಬಿದ್ದು ನಾನು ತೀರಾ ಚಿಕ್ಕ ಪುಲ್ಲಿ ಹಾಕಿಸಿದ್ದೆ. ಅಷ್ಟು ಚಿಕ್ಕದರ ಮೇಲೆ ಬೆಲ್ಟಿಗೆ ಹಿಡಿತ ಎಲ್ಲಿಂದ ಬರಬೇಕು? ಆಕ್ಸಿಲರೇಟರ್ ಒತ್ತಿದರೆ ಸಾಕು, ಬೆಲ್ಟು ಜಾರಿ ಕಿಂಯ್ಯೋ ಎಂದು ಕಿರುಚುತ್ತಿತ್ತು. ಅತಿ ಆಸೆ ಗತಿ ಕೇಡು ಎಂಬುದನ್ನು ನನ್ನ ಕಾರು ದಿನಾ ಬೀದಿಗೆಲ್ಲ ಸಾರುತ್ತಿತ್ತು.

ಶ್ರಾವಣದಲ್ಲಿ ಭದ್ರಾವತಿಯ ನಾದಿನಿಯ ಮನೆಗೆ ಹೊರಟಿದ್ದೆವು. ಮುಂದಿನ ಸೀಟಿನಲ್ಲಿ ಅತ್ತೆ. ಶಿವಮೊಗ್ಗದ ಬಸ್ ಸ್ಟ್ಯಾಂಡ್ ಹತ್ತಿರ ಕಾರು ಕೂಗಿದ ಕೂಗಿಗೆ ಹೂವು ಮಾರುವವಳೊಬ್ಬಳು ಅಳೆಯುತ್ತಿದ್ದ ಮಾಲೆಯನ್ನು ಕೈಬಿಟ್ಟಳು. ರಸ್ತೆಯವರೆಲ್ಲ ನಮ್ಮ ಕಡೆಗೇ ತಿರುಗಿದರು.

"ನಿಲ್ಸು ಮಾರಾಯ್ತಿ!" ಎಂದರು ಅತ್ತೆ. "ಹಂದಿ ಕೂಗ್ದಂಗೆ ಕೂಗುತ್ತೆ. ಇದ್ರಲ್ಲಿ ಕೂತ್ಕೊಂಡು ಮಗಳ ಮನೆ ಮುಂದೆ ಇಳಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಇಳಿದವರೇ ಬಸ್ಸು ಹತ್ತಿದರು. ಇನ್ನು ಸೊಸೆಯ ಕಾರಿಗೆ ಕಾಲಿಡುವುದಿಲ್ಲ ಎಂದು ನಾದಿನಿಯ ಮನೆಯಲ್ಲಿ ಊಟದ ನಡುವೆ ಘೋಷಣೆಯನ್ನೂ ಮಾಡಿದರು. ನನಗೆ ಸಿಟ್ಟಿಗಿಂತ ನೋವೇ ಹೆಚ್ಚಾಯಿತು. ಮದುವೆಯಾದ ಹೊಸದರಲ್ಲಿ ನಾನು ಡ್ರೈವಿಂಗ್ ಕಲಿಯುವಾಗ ಧೈರ್ಯವಾಗಿ ಪಕ್ಕದಲ್ಲಿ ಕೂತವರು ಅವರೊಬ್ಬರೇ. ಆ ಸೀಟು ಖಾಲಿ ಇರುವುದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ. ಹೇಗಾದರೂ ಮಾಡಿ ಅವರನ್ನು ಮತ್ತೆ ಕೂರಿಸಬೇಕಿತ್ತು.

ದಸರಾ ರಜೆ ಬಂದದ್ದೇ ಭದ್ರಾವತಿಯಲ್ಲಿ ಕಬ್ಬಿಣ ಕಡೆದುಕೊಡುವ ಒಂದು ಲೇತ್ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕಿದರು.

"ಯಜಮಾನ್ರು ಬರ್ಲಿಲ್ವಾ ಮೇಡಂ? ಅವ್ರತ್ರ ಒಂದ್ಮಾತು ಕೇಳ್ಬಿಟ್ರೆ ಒಳ್ಳೇದಿತ್ತು."

"ಬಂದಿದಾರೆ. ಕಾರಲ್ಲಿ ಮಲಗಿದಾರೆ. ಎಬ್ಬಿಸಿ ಕೇಳಿ, ಪುಲ್ಲಿ ಅಂದ್ರೆ ಏನು ಅಂತ ನಿಮ್ಮನ್ನೇ ಕೇಳ್ತಾರೆ."

ನನಗೆ ಬೇಕಾದದ್ದು ದೊಡ್ಡ, ಅಗಲವಾದ ಪುಲ್ಲಿ. ಎಂಜಿನ್ ಕಡೆಯ ಪುಲ್ಲಿಯಲ್ಲಿ ಬೆಲ್ಟು ಕೂರಲು ಆರು ಗ್ರೂವ್ ಇದ್ದವು, ನನ್ನದರಲ್ಲಿ ನಾಲ್ಕೇ. ಇದಕ್ಕೂ ಆರು ಮಾಡಿಸಿ ಅಗಲದ ಬೆಲ್ಟು ಹಾಕಿದರೆ, ಸುತ್ತಲೂ ಅಪ್ಪಿ ಹಿಡಿಯಲು ಅದಕ್ಕೆ ಜಾಗ ಸಿಗುತ್ತದೆ, ಜಾರುವುದಿಲ್ಲ.

"ದೊಡ್ಡದು ಮಾಡಿದ್ರೆ ಪಿಕಪ್ ಕಮ್ಮಿ ಆಗುತ್ತೆ ಮೇಡಂ," ಎಂದರು ಅವರು.

"ಆಗ್ಲಿ. ಮರ್ಯಾದೆ ಜಾಸ್ತಿ ಆಗುತ್ತೆ. ಮಾಡ್ಕೊಡಿ."

ಅವರು ಕಬ್ಬಿಣದಲ್ಲಿ ಕಡೆದುಕೊಟ್ಟ ಪುಲ್ಲಿ ಬೆಳ್ಳಿಯ ಬಟ್ಟಲಿನಂತೆ ಹೊಳೆಯುತ್ತಿತ್ತು. ಅಲ್ಲೇ ಅಂಗಳದಲ್ಲಿ ಕೂರಿಸಿ, ಹೊಸ ಬೆಲ್ಟು ಬಿಗಿದು, ಶಂಕರಘಟ್ಟದ ಕಡೆಗೆ ಓಡಿಸಿ ನೋಡಿದೆ. ಯೂನಿವರ್ಸಿಟಿಗೆ ಹೋಗುವ ಬಸ್ಸೊಂದನ್ನು ಹಿಂದೆ ಹಾಕಿದರೂ ಕಾರು ತುಟಿ ಪಿಟಕ್ ಎನ್ನಲಿಲ್ಲ. ಸದ್ದು ಇಲ್ಲದ್ದಕ್ಕೇ ಹಿಂದಿನ ಸೀಟಿನಲ್ಲಿ ಯಜಮಾನರಿಗೆ ಎಚ್ಚರವಾಯಿತು. "ಕಾರು ನಿಂತೋಯ್ತಾ?" ಎಂದರು.

ಮನೆಗೆ ಬಂದು ಅತ್ತೆಗೆ ಬಾನೆಟ್ಟು ತೆಗೆದು ತೋರಿಸಿದೆ. ಆಯುಧಪೂಜೆಯ ದಿನ ನಾದಿನಿಯ ಮನೆಗೆ ಇದರಲ್ಲೇ ಹೋಗೋಣ ಎಂದೆ. "ನೋಡಣ," ಎಂದರು.

ಆಯುಧಪೂಜೆಯ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅತ್ತೆ ಕಾರಿಗೆ ಪೂಜೆ ಮುಗಿಸಿದ್ದರು. ಚೆಂಡುಹೂವಿನ ಮಾಲೆ, ಬಾಳೆಕಂದು, ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ. ಅದಕ್ಕಿಂತ ಹೆಚ್ಚಿನದೆಂದರೆ, ರೇಷ್ಮೆ ಸೀರೆಯುಟ್ಟ ಅತ್ತೆ ಮುಂದಿನ ಸೀಟಿನಲ್ಲಿ ಕೂತಿದ್ದರು! ನನಗೆ ಕಣ್ಣು ತುಂಬಿ ಬಂತು. ಚಕ್ರಕ್ಕಿಟ್ಟ ನಿಂಬೆಹಣ್ಣು ಪಚಕ್ ಎನ್ನಿಸಿ ಗೇಟು ದಾಟಿದೆ, ರಸ್ತೆಗೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದೆ.

ಕಿಂಯ್ಯೋ!

ಹಿಂದೆಂದೂ ಹೀಗೆ ಕೂಗಿರಲಿಲ್ಲ. ಕಾರು ನಿಲ್ಲಿಸಿ, ಲೇತಿನವರಿಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡುತ್ತ ಬಾನೆಟ್ಟು ಎತ್ತಿದೆ. ಗಮ್ಮೆಂದು ಹರಳೆಣ್ಣೆಯ ವಾಸನೆ ಬಡಿಯಿತು. ಪುಲ್ಲಿಯ ಆರೂ ಗ್ರೂವಿನಲ್ಲಿ ಎಣ್ಣೆ ಮಿನುಗುತ್ತಿತ್ತು. ಅದರ ಮುಖಕ್ಕೆ ಬಳಿದಿದ್ದ ವಿಭೂತಿ ಎಣ್ಣೆಯಲ್ಲಿ ಕಲಸಿ ಬೆಲ್ಟಿಗೆಲ್ಲ ಮೆತ್ತಿಕೊಂಡಿತ್ತು.

"ಇದಕ್ಕೆ ಎಣ್ಣೆ ಹಚ್ಚಿದ್ಯಾರು?" ಎಂದು ಕೂಗಿದೆ.

"ನಾನು ಬಾನೆಟ್ ಮಾತ್ರ ತೆಗ್ದುಕೊಟ್ಟಿದ್ದು," ಎಂದು ಹಿಂದಿನ ಸೀಟಿನಿಂದ ಯಜಮಾನರ ದನಿ ಬಂತು.

ಅತ್ತೆ ಕಿಟಕಿಯಿಂದ ತಲೆ ಹೊರಹಾಕಿದರು. "ನಾನೇ ಕಣಮ್ಮ. ಹೊಸ ಕಬ್ಬಿಣ ಅಲ್ವಾ? ಹೊಸ ಕಾವಲಿಗೆ, ಈಳಿಗೆಮಣೆಗೆಲ್ಲ ಹಚ್ಚಲ್ವಾ? ಅದಕ್ಕೋಸ್ಕರ ಎಷ್ಟೊಂದು ಓಡಾಡಿದ್ದೆ ನೀನು. ತುಕ್ಕು ಹಿಡೀಬಾರ್ದು ಅಂತ, ಸಂದಿ ಸಂದಿಗೂ ಹಚ್ಚಿದೆ."

ನಾಲಿಗೆಯ ತುದಿಯಲ್ಲಿದ್ದ ಬೈಗುಳವೆಲ್ಲ ಅಲ್ಲೇ ಒಣಗಿತು. "ಅದು ಜಾರ್ಬಾರ್ದ ಜಾಗ ಅತ್ತೆ," ಎಂದಷ್ಟೇ ಹೇಳಿದೆ. ಅವರಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು. ಒಳ್ಳೆಯದಕ್ಕೆಂದು ಮಾಡಿದ್ದು ಹೀಗಾದಾಗ ಮನುಷ್ಯರ ಮುಖ ನೋಡಲಾಗುವುದಿಲ್ಲ. ನಾನು ಹಳೇ ಬಟ್ಟೆ ತೆಗೆದುಕೊಂಡು ಒರೆಸತೊಡಗಿದೆ. ಪುಲ್ಲಿ ಶುದ್ಧವಾಯಿತು, ಎಣ್ಣೆ ಕುಡಿದ ಬೆಲ್ಟು ಆಗಲಿಲ್ಲ. ಆಯುಧಪೂಜೆಯ ದಿನ ಬೇರೆ ಬೆಲ್ಟು ಕೊಡುವವರು ಯಾರು? ಊರಿನ ಸ್ಪೇರ್ಸ್ ಅಂಗಡಿಗಳವರೆಲ್ಲ ಕುಂಬಳಕಾಯಿ ಒಡೆಯುವುದರಲ್ಲಿದ್ದರು. ಕಾರು ಓಡಲು ತೊಂದರೆಯಿರಲಿಲ್ಲ, ದಾರಿಯುದ್ದಕ್ಕೂ ಕಿರುಚುತ್ತದೆ, ಅಷ್ಟೇ.

"ಬಸ್ ಸ್ಟ್ಯಾಂಡಿಗೆ ಬಿಡ್ತೀನಿ ಅತ್ತೆ," ಎಂದೆ.

ಅತ್ತೆ ಇಳಿಯಲಿಲ್ಲ. ಸೀಟ್ ಬೆಲ್ಟನ್ನು ಎಳೆದು ಹಾಕಿಕೊಂಡರು. ಆಲ್ಕೊಳ ಸರ್ಕಲ್‌ನಲ್ಲಿ ಹೂವು ಮುಡಿದ ಗಾಡಿಗಳ ಜಾತ್ರೆ. ನಾನು ಎಷ್ಟು ಮೆಲ್ಲಗೆ ಒತ್ತಿದರೂ ಕಾರು ಕೂಗಿಯೇ ಕೂಗಿತು. ಪಕ್ಕದಲ್ಲಿ ಸ್ಕೂಟರಿನ ಮೇಲಿದ್ದ ಗಂಡಸೊಬ್ಬ ಬಗ್ಗಿ ನನ್ನನ್ನು ನೋಡಿ ನಕ್ಕ.

"ಏನ್ ಮೇಡಂ, ಗಾಡಿ ಹಿಂಗೆ ಅರಚ್ಕೊಳ್ಳುತ್ತೆ? ಯಾರಿಗಾದ್ರೂ ಗೊತ್ತಿರೋರಿಗೆ ತೋರ್ಸಬಾರ್ದಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಗಾಜು ಪೂರ್ತಿ ಇಳಿಸಿದರು.

"ಗೊತ್ತಿರೋಳೇ ಮಾಡಿದಾಳಪ್ಪ. ನನ್ನ ಸೊಸೆ ಸರಿಯಾಗೇ ಮಾಡಿದ್ಲು. ಎಣ್ಣೆ ಹಚ್ಚಿ ಕೆಡಿಸಿದ್ದು ನಾನು."

ಇಡೀ ಸರ್ಕಲ್‌ಗೆ ಕೇಳುವಂತೆ ಹೇಳಿ, ನನ್ನ ಕಡೆ ತಿರುಗಿದರು. "ನೀನ್ಯಾಕೆ ಹೆದರ್ಕೊಂಡು ಓಡಿಸ್ತೀಯ? ಜೋರಾಗಿ ಒತ್ತು. ಕೂಗ್ಲಿ."