ಎಲೆ ಜಗ್ಗಿದ ಪಂಡಿತ

ಗೆಳೆಯರೇ, ಗಿಡ ಗುರುತಿಸುವವನೆಂದು ಕುಂಪಣಿ ಸಾಹೇಬರ ಸಂಬಳ ತಿನ್ನುವ ನಾನು ಇಂದು ಮುಶಿಗೇರಿಯ ಬೀಳುಹೊಲದಲ್ಲಿ ಮಾನ ಕಳೆದುಕೊಂಡೆ. ನೆಲಕ್ಕೆ ಹಬ್ಬಿದ ಗಿಡವೊಂದು, ಮೊಣಕಾಲೆತ್ತರದ ಗಟ್ಟಿ ಕಾಂಡದ್ದೊಂದು. ಭೂತಗನ್ನಡಿ ಹಿಡಿದು, ಎರಡೂ ಬೇರೆ ಬೇರೆ ಕುಲವೆಂದು ಬರೆದುಕೊಂಡೆ.

ಅಲ್ಲೇ ಆಡು ಮೇಯಿಸುತ್ತಿದ್ದ ಅಜ್ಜಿ ನಕ್ಕುಬಿಟ್ಟಳು. "ಎಲಿ ತುದಿ ಹಿಡದು ಜಗ್ಗಿ ನೋಡ್ರಿ ರಾಯರ. ಬಾಣದ ತುದಿ ಹಂಗ ಹರದ್ರ ಎರಡೂ ಒಂದ ಬಳಗ. ಸಣ್ಣಾಕಿದ್ದಾಗ ಇದ ಆಟ ಆಡೇನ್ರಿ ನಾ."

ಜಗ್ಗಿದೆ. ಎರಡೂ ಹಾಗೇ ಹರಿದವು! ಸಾಹೇಬರಿಗೆ ತೋರಿಸಲೆಂದು ಎರಡೂ ಗಿಡಗಳನ್ನು ಕಿತ್ತು ಕಟ್ಟು ಕಟ್ಟಿಕೊಂಡೆ. ಖಾತ್ರಿಗೆಂದು ಅದರಿಂದ ಇನ್ನೊಂದು ಎಲೆ, ಮತ್ತೊಂದು ಎಲೆ ಎಂದು ಗಜೇಂದ್ರಗಡ ಮುಟ್ಟುವವರೆಗೂ ಗಾಡಿಯಲ್ಲಿ ಕೂತು ಜಗ್ಗಿದ್ದೇ ಜಗ್ಗಿದ್ದು.

ಸಂಜೆ ಸಾಹೇಬರ ಮುಂದೆ ಕಟ್ಟು ಬಿಚ್ಚಿದೆ. "ಎರಡೂ ಒಂದ ಕುಲ ಸಾಹೇಬ್ರ, ಎಲಿ ನೋಡ್ರಿ!"

"ಎಲೆ ಎಲ್ಲಿ?"

ಕಟ್ಟಿನಲ್ಲಿ ಬರೀ ಕಡ್ಡಿಗಳಿದ್ದವು. ಅಜ್ಜಿಯ ಆಡುಗಳೂ ಇಷ್ಟು ಚೊಕ್ಕಟವಾಗಿ ಮೇಯುವುದಿಲ್ಲ.