ಊರೆಲ್ಲ ತೊಟ್ಟ ಒಂದು ಜೊತೆ ಕಡಗ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಒಂದು ಆರೋಗ್ಯ ಕೇಂದ್ರದಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದೆ. ಇನ್‌ಸ್ಪೆಕ್ಟರ್ ಎಂದೊಡನೆ ಜನ ಪೊಲೀಸಿನವನೆಂದು ಎದ್ದು ನಿಲ್ಲುತ್ತಿದ್ದರು. ಚರಂಡಿಗೆ ಬ್ಲೀಚಿಂಗ್ ಪುಡಿ ಹಾಕಿಸುವವನೆಂದು ತಿಳಿದ ಮೇಲೆ ಕೂತುಕೊಳ್ಳುತ್ತಿದ್ದರು. ಈ ಏಳುಬೀಳುಗಳಿಗೆ ನಾನು ಒಗ್ಗಿಕೊಳ್ಳುತ್ತಿದ್ದಾಗಲೇ ಸರ್ಕಾರಕ್ಕೆ ಹಳ್ಳಿಯ ಮಕ್ಕಳನ್ನು ತೂಗಿ ನೋಡಬೇಕೆಂಬ ಯೋಚನೆ ಬಂತು.

ಯೋಜನೆಯೇನೋ ಸರಳವಾಗಿತ್ತು. ತಿಂಗಳಿಗೊಮ್ಮೆ ಚಿಕ್ಕ ಮಕ್ಕಳನ್ನೆಲ್ಲ ತೂಗಬೇಕು. ವಯಸ್ಸಿಗೆ ತಕ್ಕ ತೂಕವಿಲ್ಲದವರಿಗೆ ಹಾಲಿನ ಪುಡಿ ಕೊಡಬೇಕು. ತೀರಾ ಸೊರಗಿದವರನ್ನು ಕೇಂದ್ರದ ಜೀಪಿನಲ್ಲಿ ಮಂಡ್ಯದ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ತೂಗುವವರು ನರ್ಸಮ್ಮ, ಬರೆದುಕೊಳ್ಳುವವನು ನಾನು.

ನಾನು ಹೇಳಹೊರಟ ಊರಿನಲ್ಲಿ ತಕ್ಕಡಿ ನೇತುಹಾಕುವಷ್ಟು ಗಟ್ಟಿಯಾದ ತೊಲೆ ಇದ್ದದ್ದು ಆಲೆಮನೆಯಲ್ಲಿ. ಕಬ್ಬು ಅರೆದು, ಬೆಲ್ಲ ಕಾಯಿಸಿ, ತೂಗುವ ಜಾಗ. ಅಲ್ಲಿ ತೂಕವನ್ನು ನಾಲ್ಕು ಜನಕ್ಕೆ ಕೇಳುವಂತೆ ಕೂಗುವುದು ಪದ್ಧತಿ; ಕೂಗದ ತೂಕವನ್ನು ಯಾರೂ ನಂಬುವುದಿಲ್ಲ. ಮೊದಲ ಸಲ ನರ್ಸಮ್ಮ ಮೆಲ್ಲಗೆ ನನಗೆ ಹೇಳಿದ್ದೇ ತಡ, ಗದ್ದಲವೆದ್ದಿತು.

"ಏನವ್ವಾ, ಇನ್ಸ್‌ಪೆಟ್ರ ಕಿವೀಲಿ ಏಳ್ತೀಯೆ? ನಮ್ಗೂ ಕೇಳ್ಲಿ!"

ಅಂದಿನಿಂದ ನರ್ಸಮ್ಮನೂ ಕೂಗತೊಡಗಿದರು. ಕೂಗಿದ ಮೇಲೆ ಅದು ಆರೋಗ್ಯ ತಪಾಸಣೆಯಾಗಿ ಉಳಿಯಲಿಲ್ಲ, ಮನೆತನಗಳ ಪಂದ್ಯವಾಯಿತು. ಯಾರ ಮೊಮ್ಮಗು ಎಷ್ಟು ತೂಗಿತೆಂಬುದು ಮುಂದಿನ ತಿಂಗಳವರೆಗೆ ಬಾವಿಕಟ್ಟೆಯ ಮಾತಾಯಿತು. ಆಶ್ಚರ್ಯವೆಂದರೆ ಮಕ್ಕಳು ತೂಕ ಏರಿಸಿಕೊಳ್ಳತೊಡಗಿದರು. ಇಡೀ ತಾಲ್ಲೂಕಿನಲ್ಲಿ ಇಂಥ ಮಕ್ಕಳಿಲ್ಲ ಎಂದು ನಾನು ತಕ್ಕ ಗಾಂಭೀರ್ಯದಿಂದ ವರದಿ ಬರೆದೆ. ಮೇಲಿನವರಿಗೂ ಸಂತೋಷವಾಯಿತು. ಸಂತೋಷದ ಗುರುತಾಗಿ, ಈ ಊರಿಗೆ ಹಾಲಿನ ಪುಡಿ ಇನ್ನು ಬೇಡ, ಬೇರೆ ಊರಿಗೆ ಕೊಡಿ ಎಂಬ ಆಜ್ಞೆ ಬರುವುದರಲ್ಲಿತ್ತು.

ಇದನ್ನು ತಡೆದದ್ದು ಒಂದು ಹೆಣ್ಣುಮಗು. ಎರಡು ವರ್ಷದ್ದಿರಬೇಕು. ಅಜ್ಜಿಯ ಕಂಕುಳಲ್ಲಿ ಬರುತ್ತಿತ್ತು. ತಾಯಿ ಹಿಂದೆ ನಿಂತಿರುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಮಗುವಿನ ತೂಕ ಸುಮಾರಾಗಿತ್ತು, ಆದರೆ ತೋಳು ಕಡ್ಡಿಯಾಗಿತ್ತು. ಆ ದಿನ ತೂಗುವ ಮೊದಲು ನರ್ಸಮ್ಮ ಅದಕ್ಕೆ ಲಸಿಕೆಯ ಸೂಜಿ ಹಾಕಿದರು. ಮಗು ಅಳಲಿಲ್ಲ, ಸುಮ್ಮನೆ ನೋಡಿತು. ಸೂಜಿಗೂ ಅಳದ ಮಗುವನ್ನು ಕಂಡರೆ ನರ್ಸಮ್ಮನಿಗೆ ಭಯ. ಅವರ ಕಣ್ಣು ಚುರುಕಾಯಿತು. ಅದೇ ಹೊತ್ತಿಗೆ ಪಟೇಲರ ಮೊಮ್ಮಗ ತಕ್ಕಡಿಯಿಂದ ಇಳಿದ; ಅವನ ಕಾಲಿನಿಂದ ಏನೋ ಜಾರಿ ಈ ಅಜ್ಜಿಯ ಸೆರಗಿನೊಳಗೆ ಹೋಯಿತು.

"ಏನಜ್ಜಿ ಅದು?"

"ಏನಿಲ್ಲ ಕಣವ್ವ, ಮಗೀನ ಕಾಲ್ಗೆ ಒಂದಿಷ್ಟು ಬೆಳ್ಳಿ. ಬರಿಗಾಲಲ್ಲಿ ತಕ್ಕಡಿ ಅತ್ತುಸ್ತಾರಾ?"

"ಈ ಕಡಗ ಈಗ ತಾನೇ ಪಟೇಲರ ಮೊಮ್ಮಗನ ಕಾಲಲ್ಲಿತ್ತಲ್ಲ?"

"ಇತ್ತು. ಅದ್ಕೇನೀಗ? ಅವ್ನು ತೂಗಿಸ್ಕಂಡಾಯ್ತಲ್ಲ."

ಅಜ್ಜಿಯ ದನಿಯಲ್ಲಿ ಕಳ್ಳತನವಿರಲಿಲ್ಲ, ನ್ಯಾಯವಿತ್ತು. ಆ ಊರಿನ ಮಕ್ಕಳೆಲ್ಲ ತಿಂಗಳುಗಟ್ಟಲೆ ಪಟೇಲರ ಮನೆಯ ಆ ಒಂದೇ ಜೊತೆ ಗಟ್ಟಿ ಕಡಗವನ್ನು ಸರದಿಯಲ್ಲಿ ತೊಟ್ಟು ತೂಗಿಸಿಕೊಂಡಿದ್ದರು. ನರ್ಸಮ್ಮ ಕಡಗ ಈಸಿಕೊಂಡು, ಮಗು ಕೂರುವ ಜೋಳಿಗೆಯಲ್ಲಿ ಅದನ್ನೇ ಇಟ್ಟು, ಪದ್ಧತಿಯಂತೆ ಅದರ ತೂಕವನ್ನು ಕೂಗಿದರು. ಆಲೆಮನೆ ನಕ್ಕಿತು.

"ಅಂಗಾರೆ ನಮ್ಮೂರ್ ಮಕ್ಳೆಲ್ಲ ಅಷ್ಟಷ್ಟು ಕಮ್ಮಿ ಅನ್ನು!" ಎಂದ ಒಬ್ಬ ಮುದುಕ.

"ನಿನ್ ಮೊಮ್ಮಗ್ನೂ ಸೇರಿ ಕಣ್ಲಾ," ಎಂದ ಪಕ್ಕದವನು. ನಗು ನಿಂತಿತು.

"ಈಗ ಈ ಮಗೂನ ಹಾಗೇ ಕೂರಿಸಿ," ಎಂದರು ನರ್ಸಮ್ಮ.

"ಸೊರಗ್ದೋಳು ಅಂತ ಊರೋರ್ ಮುಂದೆ ಕೂಗ್ಸಾಕೆ ನನ್ ಮೊಮ್ಮಗಳೇ ಬೇಕಾ ನಿಂಗೆ?" ಅಜ್ಜಿ ಕಡಗವನ್ನು ಕಿತ್ತುಕೊಂಡು ಮಗುವಿನ ಕಾಲಿಗೇ ಏರಿಸಿ ಹೊರಟಳು. ಸಣಕಲು ಕಾಲಿನಿಂದ ಅದು ಜಾರದಂತೆ ಚಿಂದಿ ಬಟ್ಟೆ ಸುತ್ತಬೇಕಾಯಿತು. ತಾಯಿ ಎರಡು ಸಲ ಹಿಂದಿರುಗಿ ನೋಡುತ್ತಾ ಹೋದಳು.

"ಈ ಮಗು ಇವತ್ತೇ ಮಂಡ್ಯ ಸೇರಬೇಕು. ಇಲ್ಲೇ ಬಿಟ್ಟರೆ ಉಳಿಯಲ್ಲ," ಎಂದರು ನರ್ಸಮ್ಮ.

ನಾನು ನೋಟಿಸು ಕೊಡೋಣ ಎಂದೆ. ಚರಂಡಿಗೆ ಕಸ ಹಾಕಿದವರಿಗೆ ಕೊಡುವ ನೋಟಿಸು ನನ್ನ ಚೀಲದಲ್ಲಿ ಸದಾ ಸಿದ್ಧವಿರುತ್ತಿತ್ತು. ನರ್ಸಮ್ಮ ತೊಲೆಯಿಂದ ತಕ್ಕಡಿ ಬಿಚ್ಚಿಕೊಂಡು ಅಜ್ಜಿಯ ಮನೆಗೆ ನಡೆದರು. ನಾನು ಹಿಂಬಾಲಿಸಿದೆ. ನನ್ನನ್ನು ಜಗಲಿಯ ಮೇಲೆ ಕೂರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾತು ಮಾತ್ರ ಕೇಳುತ್ತಿತ್ತು.

"ಕೂಗಾಕಿಲ್ಲ ತಾನೆ?"

"ಕೂಗಲ್ಲ ಅಜ್ಜಿ."

"ಜಗ್ಲೀಲಿ ಕುಂತವ್ನಲ್ಲ, ಆ ಯಪ್ಪಂಗೂ ಏಳ್ಬ್ಯಾಡ. ಉಡಿದಾರಾನೂ ಮುಟ್ಬ್ಯಾಡ."

"ಅದು ಬರೀ ದಾರ, ಇರಲಿ ಬಿಡಿ."

ಆಮೇಲೆ ನಾನು ಆವರೆಗೂ ಕೇಳಿರದ ದನಿಯೊಂದು ಕೇಳಿತು: "ಅತ್ತೆ, ಮಗೀನ ಇಡ್ಕಳಿ. ಕಡಗ ನಾನ್ ತೆಗೀತೀನಿ."

ತಕ್ಕಡಿಯ ಕೊಕ್ಕೆ ಕಿರುಗುಟ್ಟಿತು.

"ಇಷ್ಟೇಯಾ?" ಎಂದಳು ಅಜ್ಜಿ. ಆಲೆಮನೆಯ ದನಿ ಅದಾಗಿರಲಿಲ್ಲ.

ಬಾಗಿಲು ತೆರೆಯಿತು. ಕಡಗ ಮತ್ತೆ ಮಗುವಿನ ಕಾಲೇರಿತ್ತು. ಅಜ್ಜಿ ನನ್ನ ಮುಂದೆ ನಿಂತು, "ಜೀಪು ಎಲ್ಲೈತಪ್ಪಾ? ಪಟೇಲ್ರ ಮನೇಗೆ ಏಳ್ಬುಡು, ಕಡಗ ಆಸ್ಪತ್ರೆಗೆ ಓಯ್ತು ಅಂತ," ಎಂದಳು. ನಾನು ಅಧಿಕೃತವಾಗಿ ತಿಳಿಸಿದೆ. ಆಸ್ಪತ್ರೆಗೆ ಹೋದ ಮಗುವಿನ ಕಾಲಿನ ಬೆಳ್ಳಿಯನ್ನು ಕೇಳಬಾರದೆಂದು ಪಟೇಲರ ಮನೆಯವರೂ ಸುಮ್ಮನಿದ್ದರು.

ಮುಂದಿನ ತಿಂಗಳಿಂದ ಮನೆಮನೆಗೆ ಹೋಗಿ, ಬಾಗಿಲು ಹಾಕಿ ತೂಗಿದೆವು. ತಾಲ್ಲೂಕಿಗೇ ಮಾದರಿಯಾದ ಮಕ್ಕಳೆಲ್ಲ ಒಂದೇ ತಿಂಗಳಲ್ಲಿ ಇಳಿದುಹೋದದ್ದೇಕೆಂದು ಮೇಲಿನವರು ವಿವರಣೆ ಕೇಳಿದರು. 'ಈ ಸಲ ಬೆಳ್ಳಿಯನ್ನು ಬಿಟ್ಟು ತೂಗಲಾಗಿದೆ' ಎಂದು ಬರೆದೆ. ಹಾಲಿನ ಪುಡಿ ನಿಲ್ಲಲಿಲ್ಲ.

ಮಗು ಮಂಡ್ಯದಿಂದ ಹಿಂದಿರುಗಿ ಬಹಳ ಕಾಲವಾದ ಮೇಲೆ ಪಟೇಲರ ಮನೆಯಲ್ಲಿ ಇನ್ನೊಂದು ಮೊಮ್ಮಗು ಹುಟ್ಟಿ, ಕಡಗಕ್ಕೆ ಹೇಳಿಕಳಿಸಿದರು. ಆಗ ಅಜ್ಜಿ ಕಡಗ ತೆಗೆಸಲು ಮಗುವನ್ನು ಹೊತ್ತು ನಮ್ಮ ಕೇಂದ್ರಕ್ಕೆ ಬಂದಳು. ಹೊರಗೆ ಸರದಿಯಲ್ಲಿ ಊರಿನ ಅರ್ಧ ಹೆಂಗಸರು ಕೂತಿದ್ದರು. ಕಡಗಕ್ಕೆ ಚಿಂದಿ ಸುತ್ತಿರಲಿಲ್ಲ. ನರ್ಸಮ್ಮ ಹರಳೆಣ್ಣೆ ಹಚ್ಚಿ ಎಳೆದರು, ಸೋಪು ಹಚ್ಚಿ ಎಳೆದರು. ಮಗು ಸೂರು ಹಾರಿಹೋಗುವಂತೆ ಕಿರುಚಿ, ಕಾಲು ಹಿಡಿದುಕೊಂಡಿದ್ದ ನನ್ನ ಎದೆಗೆ ಒದೆಯಿತು. ಇಲಾಖೆಯ ನಿಯಮಗಳಲ್ಲಿ ಇದಕ್ಕೆ ಪರಿಹಾರವಿರಲಿಲ್ಲ.

"ಬರಲ್ಲ ಅಜ್ಜಿ, ಅಕ್ಕಸಾಲಿಯ ಹತ್ತಿರ ಕತ್ತರಿಸಬೇಕು," ಎಂದರು ನರ್ಸಮ್ಮ, ಮೆಲ್ಲಗೆ.

ಅಜ್ಜಿ ಬಾಗಿಲಿಗೆ ಹೋಗಿ, ಬೆಲ್ಲ ತೂಗಿದವಳಂತೆ ಕೂಗಿದಳು:

"ಬರಾಕಿಲ್ವಂತೆ ಕಣ್ರವ್ವಾ! ಕತ್ರಿಸ್ಬೇಕಂತೆ!"