ಹೆಂಗಸರ ಕಡೆಯ ನಗು

ಯರಗುಪ್ಪಿಯ ದರ್ಜಿ ಹೊಳೆಪ್ಪನಿಗೆ ಮಾತಾಗಿದ್ದ ನೀಲಕ್ಕನನ್ನು ಅವಳಪ್ಪ ದುಮ್ಮವಾಡದವನಿಗೆ ಮದುವೆ ಮಾಡಿ ಕೊಟ್ಟುಬಿಟ್ಟ. ವರ್ಷ ತುಂಬುವುದರೊಳಗೆ ಅವಳು ಹೆರಿಗೆಯಲ್ಲಿ ತೀರಿಕೊಂಡಳು. ಹೊಳೆಪ್ಪ ಮಾತು ಬಿಟ್ಟ.

ಗೆಳೆಯರಾದ ಮಡಿವಾಳೆಪ್ಪ, ಅಕ್ಬರಸಾಬ ಅವನನ್ನು ಕುಂದಗೋಳದ ಟೂರಿಂಗ್ ಟಾಕೀಸಿಗೆ ಎಳೆದೊಯ್ದರು. ಪ್ರೀತಿಯಲ್ಲಿ ಸೋತವನನ್ನು ಗೆಳೆಯರು ಪಜೀತಿಪಟ್ಟು ನಗಿಸುವ ಹಾಸ್ಯದ ಸಿನಿಮಾ ಅದು. ಡೇರೆಯೆಲ್ಲ ನಗುವಾಗ ಹೊಳೆಪ್ಪನೂ ನಕ್ಕ. ಗೆಳೆಯರಿಗೆ ಗೆದ್ದಂತಾಯಿತು. ಅಷ್ಟರಲ್ಲಿ ಅವನು ತಟ್ಟನೆ ಹೆಂಗಸರ ಕಡೆ ತಿರುಗಿದ.

"ನೀಲಿ ನಗಾಕತ್ಯಾಳ, ಕೇಳ್ರಲೇ."

"ಅಕಿ ಎಲ್ಲಿಂದ ಬರಬೇಕಲೇ? ಸಿನಿಮಾ ನೋಡು," ಎಂದ ಅಕ್ಬರಸಾಬ. ಆದರೂ ಅವನೂ ಒಮ್ಮೆ ಆ ಕಡೆ ಹೊರಳಿ ನೋಡಿದ.

ಮರುದಿನದಿಂದ ಹೊಳೆಪ್ಪ ಒಬ್ಬನೇ ಹೋಗತೊಡಗಿದ. ಟಾಕೀಸು ಅಣ್ಣಿಗೇರಿಗೆ ಹೊರಟಾಗ, ಹರಿದ ಡೇರೆ ಹೊಲಿಯುವ ಕೆಲಸ ಕೇಳಿಕೊಂಡು ಅದರ ಜೊತೆಗೇ ಹೋದ. ಗೆಳೆಯರು ಕರೆಯಲು ಬಂದರು.

"ಊರಿಗೆ ಬಂದು ಏನ ಮಾಡ್ಲಿ? ಅಲ್ಲಿ ಅಕಿ ಇಲ್ಲ," ಎಂದ ಹೊಳೆಪ್ಪ.

ಅವರು ಬಂದ ದಾರಿ ಹಿಡಿದರು.